ಲಂಡನ್‌ನಿಂದ ಬ್ರೈಟನ್‌ಗೆ ಹಳೇ ಕಾರುಗಳ ಓಟ: ಅಪ್ಪನ ಜೊತೆ ನೋಡಿದ್ದು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅಪ್ಪನದು ಲಾರಿ ರಿಪೇರಿ ಶೆಡ್ ಇತ್ತು. ಮೂವತ್ತೆಂಟು ವರ್ಷ ನಡೆಸಿದರು. ಶೆಡ್ ಮುಚ್ಚಿದ ಮೇಲೆ, ಈ ಸಲದ ದೀಪಾವಳಿ ನಮ್ಮ ಜೊತೆ ಮಾಡೋಣ ಅಂತ ಲಂಡನ್‌ನ ದಕ್ಷಿಣ ಭಾಗದ ಕ್ರಾಯ್ಡನ್‌ಗೆ ಬಂದಿದ್ದರು. ಟವರ್ ಬ್ರಿಡ್ಜ್ ತೋರಿಸಿದೆ, ಅರಮನೆ ತೋರಿಸಿದೆ. "ಚೆನ್ನಾಗೈತೆ" ಅಂದರು, ಅಷ್ಟೇ. ನವೆಂಬರ್ ಮೊದಲ ಭಾನುವಾರ ಈ ಹಳೇ ಕಾರುಗಳ ಓಟಕ್ಕೆ, ಅಂದರೆ ವೆಟರನ್ ಕಾರ್ ರನ್‌ಗೆ ಕರೆದುಕೊಂಡು ಹೋದೆ. ಅವತ್ತು ಬೆಳಗಿನ ಜಾವ ಶುರುವಾದ ಮಾತು ರಾತ್ರಿ ಮನೆಗೆ ಬಂದು ಊಟಕ್ಕೆ ಕೂತಾಗಲೂ ನಿಂತಿರಲಿಲ್ಲ.

ಇಲ್ಲಿರುವ ಎಷ್ಟೋ ಕನ್ನಡದವರಿಗೆ ಈ ಓಟದ ವಿಷಯವೇ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಿ ನಿಂತರೆ ಚೆನ್ನ, ಎಲ್ಲಿ ಸುಮ್ನೆ ಸಮಯ ಹಾಳು ಅನ್ನುವುದು ಮೊದಲ ಸಲ ಹೋಗುವವರಿಗೆ ತಿಳಿದಿರಲಿ.

ಲಂಡನ್‌ನ ಹೈಡ್ ಪಾರ್ಕ್‌ನಿಂದ ಬ್ರೈಟನ್ ಸಮುದ್ರ ತೀರದವರೆಗೆ ಸುಮಾರು 60 ಮೈಲಿ, ಅಂದರೆ 96 ಕಿಲೋಮೀಟರ್. 1905ರ ಜನವರಿ 1ಕ್ಕೆ ಮೊದಲು ತಯಾರಾದ ಗಾಡಿ ಆಗಿರಬೇಕು. ಅದಕ್ಕಿಂತ ಹೊಸದಾದರೆ ಸೇರಿಸಿಕೊಳ್ಳುವುದಿಲ್ಲ. ಪಂದ್ಯ ಅಲ್ಲ ಇದು. ಸರಾಸರಿ ವೇಗ ಗಂಟೆಗೆ 20 ಮೈಲಿ ದಾಟುವಂತಿಲ್ಲ. ಮೊದಲು ಮುಟ್ಟಿದವರಿಗೆ ಬಹುಮಾನವೂ ಇಲ್ಲ. ಸಂಜೆ ನಾಲ್ಕೂವರೆಯೊಳಗೆ ತಲುಪಿದ ಎಲ್ಲರಿಗೂ ಒಂದು ಪದಕ.

ಇದರ ಹಿಂದಿನ ಕತೆ ಅಪ್ಪನಿಗೆ ರೈಲಿನಲ್ಲಿ ಹೇಳಿದೆ. 1896ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಮೋಟಾರು ಗಾಡಿ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ ಮೀರುವಂತಿರಲಿಲ್ಲ. ಗಾಡಿಯ ಮುಂದೆ ಒಬ್ಬ ನಡೆದುಕೊಂಡು ಹೋಗಬೇಕಿತ್ತು. ಮೊದಮೊದಲು ಅವನ ಕೈಯಲ್ಲಿ ಕೆಂಪು ಬಾವುಟವೂ ಇರಬೇಕಿತ್ತು. 1896ರ ನವೆಂಬರ್ 14ಕ್ಕೆ ಹೊಸ ಕಾಯ್ದೆ ಬಂತು. ಮಿತಿ 14 ಮೈಲಿಗೆ ಏರಿತು, ಮುಂದೆ ನಡೆಯುವವನ ಕೆಲಸ ಹೋಯಿತು. ಅದೇ ದಿನ ಆ ಖುಷಿಗೆ ಕಾರಿನವರೆಲ್ಲ ಸೇರಿ ಬ್ರೈಟನ್‌ಗೆ ಹೊರಟರು. ಅದರ ನೆನಪಿಗೆ 1927ರಲ್ಲಿ ಮತ್ತೆ ಶುರು ಮಾಡಿದ್ದು ಈಗಲೂ ನಡೆಯುತ್ತಿದೆ. ಎರಡನೇ ಮಹಾಯುದ್ಧದ ವರ್ಷಗಳು, ಪೆಟ್ರೋಲ್‌ಗೆ ರೇಷನ್ ಇದ್ದ 1947, ಕೊರೋನಾದ 2020 ಬಿಟ್ಟರೆ ತಪ್ಪಿಲ್ಲ. "ಮುಂದೆ ಒಬ್ಬ ನಡೀಬೇಕಿತ್ತಾ? ಹಂಗಾದ್ರೆ ಎತ್ತಿನ ಗಾಡೀನೇ ವಾಸಿ" ಅಂದರು ಅಪ್ಪ.

ನಾವು ಆರೂವರೆಗೆಲ್ಲ ಹೈಡ್ ಪಾರ್ಕ್‌ನಲ್ಲಿದ್ದೆವು. ಇನ್ನೂ ಕತ್ತಲೆ. ಸೂರ್ಯ ಹುಟ್ಟುವ ಹೊತ್ತಿಗೆ, ಏಳರ ಆಸುಪಾಸಿನಲ್ಲಿ, ಕೆಂಪು ಬಾವುಟ ಹರಿದು ಗಾಡಿಗಳನ್ನು ಬಿಡುತ್ತಾರೆ. ನಮಗೆ ಅದು ಕಾಣಲೇ ಇಲ್ಲ, ಮುಂದೆ ಅಷ್ಟು ಜನ. ಆದರೆ ಬಾವುಟಕ್ಕಿಂತ ಅದಕ್ಕೆ ಮೊದಲಿನ ಅರ್ಧ ಗಂಟೆ ದೊಡ್ಡದು. ಮರಗಳ ಕೆಳಗೆ ಸಾಲಾಗಿ ನಿಂತ ಗಾಡಿಗಳು ಒಂದೊಂದಾಗಿ ಎಚ್ಚರವಾಗುತ್ತವೆ. ಹೊಗೆ, ಬಿಸಿ ಎಣ್ಣೆಯ ವಾಸನೆ, ಹಿತ್ತಾಳೆ ದೀಪಗಳು.

ಅಪ್ಪ ಒಂದು ದೀಪದ ಮುಂದೆ ನಿಂತುಬಿಟ್ಟರು. "ಕಾರ್ಬೈಡ್ ದೀಪ ಅಲ್ವಾ ಇದು! ಮೇಲೆ ನೀರು, ಕೆಳಗೆ ಕಾರ್ಬೈಡ್ ಕಲ್ಲು. ನಮ್ಮ ಜಾತ್ರೆ ಅಂಗಡಿಗಳಲ್ಲಿ ಉರೀತಿತ್ತಲ್ಲ, ಅದೇ." ಹೌದು, ಅದೇ. ತೊಟ್ಟಿಕ್ಕುವ ನೀರು ಕಾರ್ಬೈಡಿಗೆ ತಾಗಿದರೆ ಅಸಿಟಿಲೀನ್ ಗ್ಯಾಸ್ ಏಳುತ್ತದೆ. 120 ವರ್ಷದ ಹಿಂದೆ ಕಾರಿಗೆ ದಾರಿ ತೋರಿಸಿದ್ದು, ಅಪ್ಪನ ಚಿಕ್ಕಂದಿನಲ್ಲಿ ಜಾತ್ರೆಯ ಮಂಡಕ್ಕಿ ರಾಶಿಗೆ ಬೆಳಕು ಕೊಟ್ಟಿದ್ದು ಒಂದೇ ದೀಪ.

ಪಕ್ಕದಲ್ಲಿ ಒಬ್ಬರು ಎಂಜಿನ್ ಶುರು ಮಾಡಲು ಹ್ಯಾಂಡಲ್ ಹೊಡೆಯುತ್ತಿದ್ದರು. ಅಪ್ಪ ನನ್ನ ತೋಳು ಹಿಡಿದು ಹೇಳಿದರು, "ಅವರ ಹೆಬ್ಬೆರಳು ನೋಡವ್ವಾ." ನೋಡಿದೆ. ಹೆಬ್ಬೆರಳು ಹಿಡಿಯನ್ನು ಸುತ್ತಿಕೊಂಡಿರಲಿಲ್ಲ. ಉಳಿದ ನಾಲ್ಕು ಬೆರಳಿನ ಕಡೆಯೇ ಇತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಉಲ್ಟಾ ತಿರುಗುತ್ತದೆ. ಹೆಬ್ಬೆರಳು ಸುತ್ತಿ ಹಿಡಿದಿದ್ದರೆ ಮೂಳೆ ಮುರಿಯುತ್ತದೆ. "ಕಲಿತವನು ಅವನು" ಅಂದರು ಅಪ್ಪ. ಅವರಿಗೆ ಹಳೇ ಲಾರಿಯಲ್ಲಿ ಇದನ್ನು ಹೇಳಿಕೊಟ್ಟಿದ್ದು ಅವರ ಮೇಸ್ತ್ರಿ.

ವಯಸ್ಸಾದ ಗಾಡಿ ಮೊದಲು ಹೊರಡುತ್ತದೆ. ಹಾಗಾಗಿ ಏಳು ಗಂಟೆಗೇ ಇರಬೇಕು, ತಡವಾದರೆ 1890ರ ದಶಕದವು ಕೈತಪ್ಪುತ್ತವೆ. ಆ ಗುಂಪಿನಲ್ಲಿ ಬೆಂಜ್ ಗಾಡಿಗಳಿದ್ದವು. ಎಂಜಿನ್ ಹಿಂದೆ, ಒಂದೇ ಸಿಲಿಂಡರ್. ಅಲ್ಲಿಂದ ಚರ್ಮದ ಬೆಲ್ಟ್, ಬೆಲ್ಟಿನಿಂದ ಚೈನು, ಚೈನಿನಿಂದ ಚಕ್ರ. ನಮ್ಮೂರ ಹಿಟ್ಟಿನ ಗಿರಣಿಯ ಬೆಲ್ಟ್ ನೋಡಿದವರಿಗೆ ಹೊಸದೇನಲ್ಲ. ಮಳೆ ಬಂದರೆ ಬೆಲ್ಟ್ ಜಾರುವುದೂ ಅದೇ ಥರ. ಅಮೆರಿಕದ ಓಲ್ಡ್ಸ್‌ಮೊಬೈಲ್‌ಗೆ ಸ್ಟೀರಿಂಗ್ ಚಕ್ರವೇ ಇಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಕೋಲು. ಮುಂಭಾಗ ಜಾರುಬಂಡೆ ಹಾಗೆ ಬಾಗಿದೆ. ಹಬೆ ಕಾರೊಂದು ಸದ್ದೇ ಇಲ್ಲದೆ ಹಾದು ಹೋಯಿತು. ಹಿಂದೆ ಬಿಳಿ ಹಬೆ ಮಾತ್ರ. ಅಪ್ಪ ಅದನ್ನು ಒಪ್ಪಲಿಲ್ಲ. ಎಂಜಿನ್ ಅಂದರೆ ಸದ್ದು ಇರಬೇಕು ಅವರಿಗೆ.

ಹೊರಟ ಜಾಗಕ್ಕೆ ನನ್ನ ಅಂಕ ಐದಕ್ಕೆ ನಾಲ್ಕು. ನೂಕುನುಗ್ಗಲು ಇದೆ, ಶೌಚಾಲಯ ಕಡಿಮೆ, ಮೈಕಿನಲ್ಲಿ ಹೇಳಿದ್ದು ಹಿಂದೆ ನಿಂತವರಿಗೆ ಕೇಳುವುದಿಲ್ಲ. ಅಲ್ಲಿ ಮಾರುವ ಪುಸ್ತಿಕೆ ತಗೊಳ್ಳಿ. ಗಾಡಿಯ ನಂಬರ್ ನೋಡಿದರೆ ಯಾವ ಕಂಪನಿ, ಯಾವ ವರ್ಷ, ಎಷ್ಟು ಸಿಲಿಂಡರ್ ಎಲ್ಲ ಸಿಗುತ್ತದೆ. ಉಳಿದಂತೆ ನೋಡುವುದಕ್ಕೆ ದುಡ್ಡಿಲ್ಲ.

ಅಲ್ಲಿಂದ ವಿಕ್ಟೋರಿಯಾ ಸ್ಟೇಷನ್‌ಗೆ ನಡೆದು ರೈಲು ಹಿಡಿದು ಕ್ರಾಲಿಗೆ ಹೋದೆವು. ಸರಿಸುಮಾರು ಅರ್ಧ ದಾರಿ. ಹೈ ಸ್ಟ್ರೀಟ್‌ನಲ್ಲಿ ಗಾಡಿಗಳು ಕಾಫಿಗೆ ನಿಲ್ಲುತ್ತವೆ. ಒಂದೇ ಕಡೆ ಹೋಗಲು ಆಗುವುದಾದರೆ ಇಲ್ಲಿಗೇ ಹೋಗಿ. ಐದಕ್ಕೆ ಐದು. ಹೈಡ್ ಪಾರ್ಕ್‌ನಲ್ಲಿ ಎಲ್ಲವೂ ಹೊಳೆಯುತ್ತಿದ್ದವು. ಇಲ್ಲಿಗೆ ಬರುವಾಗ ಕೆಸರು, ಮಸಿ, ಎಣ್ಣೆ ಬಳಿದುಕೊಂಡು ಬರುತ್ತವೆ. ಹಲವು ಗಾಡಿಗಳಿಗೆ ಮುಂದೆ ಗಾಜಿಲ್ಲ, ಮೇಲೆ ಚಾವಣಿ ಇಲ್ಲ. ಓಡಿಸುವವರ ಮುಖದಲ್ಲಿ ಕನ್ನಡಕದ ಗುರುತು ಬಿಟ್ಟು ಉಳಿದದ್ದೆಲ್ಲ ಕಪ್ಪು. ಮಂಡಿ ಮೇಲೆ ಕಂಬಳಿ. ಹಾಗಿದ್ದೂ ಕೈ ಬೀಸುತ್ತಾರೆ.

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂನಲ್ಲಿ ಹಳೇ ಕಾರು ನೋಡಿದ್ದೇನೆ. ತುಂಬಾ ಚೆನ್ನಾಗಿ ಇಟ್ಟಿದ್ದಾರೆ. ಆದರೆ ಎಂಜಿನ್ ಓಡುವಾಗ ಇಡೀ ಗಾಡಿ ಜ್ವರ ಬಂದವರ ಹಾಗೆ ನಡುಗುತ್ತದೆ ಅನ್ನುವುದು ನಿಂತ ಕಾರಿನಿಂದ ತಿಳಿಯುವುದಿಲ್ಲ. ಕ್ರಾಲಿಯಲ್ಲಿ ಒಂದು ಗಾಡಿಯ ಮಡ್‌ಗಾರ್ಡ್ ಎಷ್ಟು ನಡುಗುತ್ತಿತ್ತು ಅಂದರೆ, ಮೇಲಿದ್ದ ಮಳೆಹನಿಗಳು ಕುಣಿಯುತ್ತಿದ್ದವು.

ಅಲ್ಲೇ ಸ್ವಲ್ಪ ಮುಂದೆ, ರಸ್ತೆ ಬದಿಯಲ್ಲಿ ಒಂದು ಹಸಿರು ಡಿ ಡಿಯಾನ್ ಬೂಟಾನ್ ನಿಂತಿತ್ತು. 1904ರದು, ಫ್ರಾನ್ಸಿನ ಗಾಡಿ, ಒಂದೇ ಸಿಲಿಂಡರ್. ಬಾನೆಟ್ ತೆಗೆದು, ಎಪ್ಪತ್ತು ದಾಟಿದ ಒಬ್ಬರು ಬಗ್ಗಿ ಏನೋ ಹುಡುಕುತ್ತಿದ್ದರು. ಮಳೆ ಸಣ್ಣಗೆ ಹಿಡಿದಿತ್ತು. ಅಪ್ಪ ನನ್ನನ್ನು ಕೇಳಲೂ ಇಲ್ಲ. ಹೋಗಿ ಎಂಜಿನ್ ಮೇಲೆ ಕೊಡೆ ಹಿಡಿದರು. ಆ ಮನುಷ್ಯ ತಲೆ ಎತ್ತಿ ನೋಡಿದರು. ಅಪ್ಪ "ಪಾಯಿಂಟ್?" ಅಂದರು. ಅವರು "ಪಾಯಿಂಟ್ಸ್, ಎಸ್" ಅಂದರು. ಪ್ಲಗ್‌ನಲ್ಲಿ ಸ್ಪಾರ್ಕ್ ಬರಲು ಕೂಡಿ ಬಿಡುವ ಸಣ್ಣ ಲೋಹದ ಜೋಡಿ ಅದು. ಮುಂದೆ ಇಪ್ಪತ್ತು ನಿಮಿಷ ಇಬ್ಬರಿಗೂ ನಾನು ಬೇಕಾಗಲಿಲ್ಲ. ಪ್ಲಗ್, ಕಾಯಿಲ್, ಸ್ಪಾರ್ಕ್, ಎರಡೂ ಕಡೆ ಅದೇ ಮಾತು.

ಪಾಯಿಂಟಿಗೆ ತೇವ ಹಿಡಿದಿತ್ತು. ಒರೆಸಿ, ನಯವಾದ ಎಮರಿ ಕಾಗದದಲ್ಲಿ ಒಂದೆರಡು ಸಲ ಉಜ್ಜಿದರು. ಅಪ್ಪ ಬೆರಳಿನಲ್ಲಿ ಸನ್ನೆ ಮಾಡಿದರು, ಸಾಕು, ಜಾಸ್ತಿ ಬೇಡ. ಅವರು ನಕ್ಕು ನಿಲ್ಲಿಸಿದರು. ಹ್ಯಾಂಡಲ್ ಹೊಡೆದರು. ಒಂದು ಸಲ ಕೆಮ್ಮಿತು. ಎರಡನೇ ಸಲಕ್ಕೆ ಹಿಡಿದುಕೊಂಡಿತು. ಟಕ್ ಟಕ್ ಟಕ್ ಅಂತ ಒಂದೊಂದು ಏಟೂ ಬೇರೆ ಬೇರೆಯಾಗಿ ಎಣಿಸುವ ಹಾಗೆ. ಹೊರಡುವ ಮೊದಲು ಅವರು ಒಂದು ವಿಷಯ ತೋರಿಸಿದರು. ಈ ಗಾಡಿಯಲ್ಲಿ ಪೆಡಲ್ ಒತ್ತಿದರೆ ಎಂಜಿನ್ ವೇಗ ಏರುವುದಿಲ್ಲ, ಇಳಿಯುತ್ತದೆ. ಕಾಲು ತೆಗೆದರೆ ಏರುತ್ತದೆ. ಎಣ್ಣೆಯೂ ತಾನಾಗಿ ಹೋಗುವುದಿಲ್ಲ. ಇಷ್ಟಿಷ್ಟು ಮೈಲಿಗೊಮ್ಮೆ ಕೈಪಂಪಿನಲ್ಲಿ ಕೊಡಬೇಕು. ಮರೆತರೆ ಎಂಜಿನ್ ಹೋಯಿತು ಅಂತಲೇ ಲೆಕ್ಕ.

ಕ್ರಾಲಿ ಆದ ಮೇಲೆ ದಾರಿ ಹಳ್ಳಿಗಳ ಕಡೆ ತಿರುಗುತ್ತದೆ. ಸ್ವಂತ ಕಾರಿದ್ದವರು ಸ್ಟೇಪಲ್‌ಫೀಲ್ಡ್ ಊರಿನ ಹುಲ್ಲುಬಯಲಿಗೆ ಹೋಗಬಹುದು, ಬುತ್ತಿ ಕಟ್ಟಿಕೊಂಡು ಬಂದವರು ಅಲ್ಲಿ ಕೂರುತ್ತಾರೆ. ನಾವು ರೈಲಿನವರು. ಭಾನುವಾರ ಹಳಿ ಕೆಲಸ ಅಂತ ಮುಂದಿನ ರೈಲು ರದ್ದಾಗಿ ಬದಲಿ ಬಸ್ ಹತ್ತಬೇಕಾಯಿತು. ಒಂದು ಗಂಟೆ ಹೋಯಿತು. ಹಿಂದಿನ ರಾತ್ರಿಯೇ ರೈಲಿನ ವೇಳೆ ನೋಡಿಕೊಳ್ಳಿ, ನಾನು ನೋಡಿರಲಿಲ್ಲ. ಬ್ರೈಟನ್ ತೀರದಲ್ಲಿ ಒಂದು ತಳ್ಳುಗಾಡಿಯಲ್ಲಿ ಕೊಟ್ಟ ಚಹಾ ತಣ್ಣಗಿತ್ತು, ಬೆಲೆ ಮಾತ್ರ ಬಿಸಿ. ಫ್ಲಾಸ್ಕ್ ಒಯ್ಯಿರಿ. ಸಮುದ್ರದ ಗಾಳಿಗೆ ಸ್ವೆಟರ್ ಒಂದು ಸಾಲದು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು, ವಯಸ್ಸಾದವರು ಜೊತೆಗಿದ್ದರಂತೂ. ಈ ಎಲ್ಲ ಸೇರಿ ಬ್ರೈಟನ್‌ಗೆ ಮೂರೂವರೆ ಅಂಕ. ಇಡೀ ದಿನಕ್ಕೆ ನಾಲ್ಕೂವರೆ.

ನಾವು ಬ್ರೈಟನ್ ತೀರದ ರಸ್ತೆ ಮಡೇರಾ ಡ್ರೈವ್ ಮುಟ್ಟಿದಾಗ ಮೂರೂ ಮುಕ್ಕಾಲು. ಬಂದ ಗಾಡಿಗಳೆಲ್ಲ ಸಮುದ್ರದ ಕಡೆ ಸಾಲಾಗಿ ನಿಂತಿದ್ದವು. ಅಪ್ಪ ಬೇರೆ ಯಾವುದನ್ನೂ ನೋಡಲಿಲ್ಲ. ಸಾಲಿನುದ್ದಕ್ಕೂ ಹಸಿರು ಬಣ್ಣ ಹುಡುಕುತ್ತಾ ನಡೆದರು. ಕೊನೆಗೆ ಸಿಕ್ಕಿತು. ಎಂಜಿನ್ ಇನ್ನೂ ಬಿಸಿ ಇತ್ತು, ಕೆಳಗಿಟ್ಟ ತಟ್ಟೆಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಆ ಹಿರಿಯರಿಗೆ ಅಪ್ಪನ ಮುಖಕ್ಕಿಂತ ಮೊದಲು ಕೊಡೆ ಗುರುತು ಸಿಕ್ಕಿತು. ಎದ್ದು ಬಂದು ಕೈ ಕುಲುಕಿದರು. ಸೀಟಿನ ಕಡೆ ಕೈ ತೋರಿಸಿದರು, ಹತ್ತಿ ಅಂತ.

ಅಪ್ಪ ಹತ್ತುವ ಮೊದಲು ಜೇಬಿನಿಂದ ಕರ್ಚೀಫ್ ತೆಗೆದು ಬೂಟಿನ ತಳ ಒರೆಸಿಕೊಂಡರು. ಆಮೇಲೆ ಕೂತರು. ಎದುರಿಗೆ ಸಮುದ್ರ ಇತ್ತು. ಅವರು ನೋಡುತ್ತಿದ್ದದ್ದು ಎಣ್ಣೆ ಪಂಪಿನ ಹಿಡಿಯನ್ನು.