ಮೂರು ಅಂಗಿ, ಒಂದು ವರ್ಷ, ಬಳ್ಳಾರಿಯ ಬಿಸಿಲು

ಬಳ್ಳಾರಿಯ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಕಪಾಟಿನಲ್ಲಿ ಹದಿನೈದು ವರ್ಷಗಳಿಂದ ಬಿಳಿ, ತಿಳಿನೀಲಿ ಮತ್ತು ಬೂದು ಅಂಗಿಗಳ ಹೊರತು ಬೇರೆ ಬಣ್ಣಕ್ಕೆ ಜಾಗವಿರಲಿಲ್ಲ. ಬಿಸಿಲ ನಾಡಿನಲ್ಲಿ ಕೆಂಪು, ಹಳದಿ ತೊಟ್ಟರೆ ನೋಡಿದವರ ಕಣ್ಣು ಉರಿಯುತ್ತದೆ, ತೊಟ್ಟವರ ಮೈ ಉರಿಯುತ್ತದೆ ಎಂಬ ಮಾತನ್ನು ನಾನೂ ನಂಬಿದ್ದೆ. ಕಳೆದ ಯುಗಾದಿಯ ಹೊತ್ತಿಗೆ ಮನೆಯವರ ಒತ್ತಾಯಕ್ಕೆ ಮಣಿದು, ಚಿತ್ರಕಲಾ ಶಿಕ್ಷಕರು ಉಷ್ಣವರ್ಣಗಳೆಂದು ಕರೆಯುವ ಬಣ್ಣಗಳಲ್ಲಿ ಮೂರು ಅಂಗಿಗಳನ್ನು ಒಂದೇ ದಿನ ತಂದೆ. ಕೊಂಡ ಮೇಲೆ ತೊಡದೆ ವಿಧಿಯಿಲ್ಲ. ತೊಡುವುದಾದರೆ ಯಾವುದನ್ನು ಎಲ್ಲಿಗೆ, ಯಾವ ಪ್ಯಾಂಟಿನ ಮೇಲೆ, ಯಾವ ಕಾಲದಲ್ಲಿ ಎಂಬುದನ್ನು ಸರಿಯಾಗಿ ನೋಡಿಯೇ ಬಿಡೋಣವೆಂದು ವರ್ಷವಿಡೀ ಮೂರನ್ನೂ ಸರದಿಯ ಮೇಲೆ ತೊಟ್ಟೆ.

ಮೊದಲನೆಯದು ಇಟ್ಟಿಗೆ ಬಣ್ಣದ ತೆಳು ಹತ್ತಿಯ ಅಂಗಿ. ಎರಡನೆಯದು ಅಂಗಡಿಯವರು ‘ಮಸ್ಟರ್ಡ್’ ಎಂದು ಹೇಳಿ ಮಾರಿದ ಲಿನನ್ ಅಂಗಿ. ನಮ್ಮ ಒಗ್ಗರಣೆಯ ಸಾಸಿವೆ ಕಪ್ಪಗಿರುವುದರಿಂದ ಇದನ್ನು ಸಾಸಿವೆ ಬಣ್ಣವೆನ್ನಲು ನನಗೆ ಬಾಯಿ ಬರುವುದಿಲ್ಲ. ನೆರಳಲ್ಲಿ ಒಣಗಿಸಿದ ಅರಿಶಿನ ಕೊಂಬನ್ನು ಮುರಿದಾಗ ಒಳಗೆ ಕಾಣುವ ಬಣ್ಣವೆಂದರೆ ಸರಿಹೋದೀತು. ಮೂರನೆಯದು ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪಿನದು. ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತ, ತುಸು ಹೊಳಪಿರುವ ಬಟ್ಟೆ. ಮೂರರ ಬಟ್ಟೆಯೂ ಬೇರೆ ಬೇರೆಯಾದ್ದರಿಂದ ಇದು ಬರೀ ಬಣ್ಣಗಳ ಹೋಲಿಕೆಯಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ಅಂಗಡಿಯಲ್ಲಿ ನಮಗೆ ಬಣ್ಣವೂ ಬಟ್ಟೆಯೂ ಒಟ್ಟಿಗೇ ಸಿಗುತ್ತವೆ, ಬೇರೆ ಬೇರೆಯಾಗಿ ಅಲ್ಲ.

ಬೇಸಿಗೆಯ ಮಾತು ಮೊದಲು, ಏಕೆಂದರೆ ಇಲ್ಲಿ ವರ್ಷದ ಹೆಚ್ಚು ಪಾಲು ಬೇಸಿಗೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿ, ರಾಯಚೂರುಗಳ ಪಾದರಸ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇ 8ರಷ್ಟು, ಲಿನನ್ ಸುಮಾರು ಶೇ 12ರಷ್ಟು ತೇವವನ್ನು ಹಿಡಿದುಕೊಳ್ಳುತ್ತವೆ. ಪಾಲಿಯೆಸ್ಟರಿನಲ್ಲಿ ಆ ಪ್ರಮಾಣ ಶೇ 0.4 ಮಾತ್ರ. ಪುಸ್ತಕದ ಈ ಲೆಕ್ಕ ಮೇ ತಿಂಗಳ ಹನ್ನೆರಡರ ಬಿಸಿಲಿನಲ್ಲಿ ಬೆನ್ನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮೆಣಸಿನಕಾಯಿ ಬಣ್ಣದ ಅಂಗಿಯನ್ನು ಬೇಸಿಗೆಯಲ್ಲಿ ನಾನು ತೊಟ್ಟಿದ್ದು ಎರಡೇ ಸಲ. ಎರಡನೆಯ ಸಲ ಮೌಲ್ಯಮಾಪನ ಮುಗಿಸಿ ಮನೆಗೆ ಬಂದು ತೆಗೆದು ನೋಡಿದರೆ, ಕಂಕುಳಿನಿಂದ ಪಕ್ಕೆಯವರೆಗೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಎಳೆದಿತ್ತು. ಕಡು ಬಣ್ಣ ಬಿಸಿಲನ್ನು ಹೀರುತ್ತದೆ, ಬಟ್ಟೆ ಬೆವರನ್ನು ಹೀರುವುದಿಲ್ಲ. ಎರಡೂ ಕೂಡಿದ ಮೇಲೆ ತೊಟ್ಟವನ ಪಾಡನ್ನು ಬೇರೆ ಹೇಳಬೇಕಿಲ್ಲ.

ಹಾಗಾದರೆ ಬೇಸಿಗೆಗೆ ಲಿನನ್ನೇ ಗೆಲ್ಲಬೇಕಿತ್ತು. ತಂಪಿನ ಮಟ್ಟಿಗೆ ಗೆದ್ದಿದ್ದೂ ಹೌದು. ಆದರೆ ಅರಿಶಿನದಂಥ ನಡು ಬಣ್ಣ ಒದ್ದೆಯಾದ ಕೂಡಲೇ ಕಂದಿಗೆ ತಿರುಗುವುದರಿಂದ, ಬಸ್ ನಿಲ್ದಾಣದಿಂದ ಕಾಲೇಜಿಗೆ ನಡೆದು ಬರುವಷ್ಟರಲ್ಲಿ ನನ್ನ ಬೆನ್ನ ಮೇಲೆ ಯಾವುದೋ ಜಿಲ್ಲೆಯ ನಕಾಶೆ ಮೂಡಿರುತ್ತಿತ್ತು. ಕರಿಹಲಗೆಯ ಕಡೆ ತಿರುಗಿ ಬರೆಯುವ ಉದ್ಯೋಗದವನಿಗೆ ಇದು ಸಣ್ಣ ವಿಷಯವಲ್ಲ. ಹಿಂದಿನ ಬೆಂಚಿನ ಹುಡುಗರು ಭೂಗೋಳದಲ್ಲಿ ಅಷ್ಟು ಆಸಕ್ತಿ ತೋರಿಸಿದ್ದನ್ನು ನಾನು ಬೇರೆಂದೂ ಕಂಡಿಲ್ಲ. ಒಳಗೆ ತೋಳಿಲ್ಲದ ಬನಿಯನ್ನಿನ ಬದಲು ತೋಳಿರುವ ಬನಿಯನ್ ತೊಟ್ಟ ಮೇಲೆ ಕಲೆ ಅರ್ಧಕ್ಕೆ ಇಳಿಯಿತು, ಜೊತೆಗೆ ಲಿನನ್ನಿನ ತಂಪೂ ಅರ್ಧವಾಯಿತು. ಇಟ್ಟಿಗೆ ಬಣ್ಣದ ಹತ್ತಿಯೂ ಬೆವರಿಗೆ ಒದ್ದೆಯಾಗುತ್ತದೆ. ಆದರೆ ಒದ್ದೆ ಇಟ್ಟಿಗೆಗೂ ಒಣ ಇಟ್ಟಿಗೆಗೂ ಇರುವಷ್ಟೇ ವ್ಯತ್ಯಾಸ, ಮೂರು ಮಾರು ದೂರದಿಂದ ಕಾಣುವುದಿಲ್ಲ.

ಇಟ್ಟಿಗೆ ಬಣ್ಣದ ಪರವಾಗಿ ಇನ್ನೊಂದು ಸಾಕ್ಷಿ ನಮ್ಮ ಸೀಮೆಯ ದೂಳು. ಸಂಡೂರು, ಹೊಸಪೇಟೆಯ ಕಡೆ ಅದಿರಿನ ಲಾರಿಗಳ ಹಿಂದೆ ಬೈಕಿನಲ್ಲಿ ಹೋದವರಿಗೆ ಬಿಳಿ ಅಂಗಿಯ ಕಾಲರು ಸಂಜೆಯ ಹೊತ್ತಿಗೆ ಏನಾಗಿರುತ್ತದೆಂದು ಗೊತ್ತು. ಆ ದೂಳಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಇಟ್ಟಿಗೆಯ ಕೆಂಪೂ ಅದರದ್ದೇ. ಅಂಗಿಗೂ ದೂಳಿಗೂ ಒಂದೇ ಬಣ್ಣವಿದ್ದರೆ ಜಗಳವಿಲ್ಲ. ಸಂಡೂರಿನಲ್ಲಿ ಪರೀಕ್ಷಾ ಕೆಲಸಕ್ಕೆಂದು ಮೂರು ದಿನ ಓಡಾಡಿದಾಗ ಅದೊಂದೇ ಅಂಗಿಯನ್ನು ಎರಡು ದಿನ ತೊಟ್ಟೆ, ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನು ಕೆಳಗೇನು ತೊಡಬೇಕು ಎಂಬ ಪ್ರಶ್ನೆ. ನನ್ನ ಅನುಭವದಲ್ಲಿ ಬಿಸಿ ಬಣ್ಣದ ಅಂಗಿಯನ್ನು ಉಳಿಸುವುದೂ ಕೆಡಿಸುವುದೂ ಪ್ಯಾಂಟೇ. ಜೀನ್ಸಿನ ಊರಿನವನಾಗಿ ಮೊದಲು ಕಡುನೀಲಿ ಜೀನ್ಸನ್ನೇ ಪರೀಕ್ಷೆಗೆ ಹಿಡಿದೆ. ವರ್ಣಚಕ್ರದಲ್ಲಿ ಕಿತ್ತಳೆಗೆ ಎದುರಾಗಿ ಕೂರುವುದು ನೀಲಿ. ಇಟ್ಟಿಗೆ ಬಣ್ಣವೆಂದರೆ ಕಿತ್ತಳೆಯನ್ನೇ ಮಬ್ಬು ಮಾಡಿದ್ದು. ಆದ್ದರಿಂದ ಈ ಜೋಡಿ ಕೂಡಿಬಂದದ್ದರಲ್ಲಿ ನನ್ನ ಜಾಣ್ಮೆ ಏನೂ ಇಲ್ಲ. ಭಾನುವಾರದ ಪೇಟೆಗೆ, ಊರ ಪ್ರಯಾಣಕ್ಕೆ, ಕೋಟೆ ಗುಡ್ಡ ಹತ್ತುವುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ. ತೋಳನ್ನು ಮೊಣಕೈವರೆಗೆ ಎರಡು ಮಡಿಕೆ ಮಡಚಿದರೆ ಸಾಕು.

ಅದೇ ಜೀನ್ಸಿನ ಮೇಲೆ ಅರಿಶಿನ ಬಣ್ಣದ ಲಿನನ್ ತೊಟ್ಟಾಗ ನೋಟ ಇನ್ನೂ ಚೆನ್ನಾಗಿತ್ತು, ಆದರೆ ಒಂದೇ ದಿನದ ಮಟ್ಟಿಗೆ. ಜೀನ್ಸ್ ಹೊಸದು, ಎರಡು ಸಲವೂ ನೀರು ಕಂಡಿರಲಿಲ್ಲ. ನೀಲಿ ಬಣ್ಣ ನೂಲಿನ ಒಡಲಿಗೆ ಪೂರ್ತಿ ಇಳಿಯದೆ ಮೇಲ್ಮೈಯಲ್ಲಿ ಕೂರುವುದರಿಂದ ಉಜ್ಜಿದಲ್ಲೆಲ್ಲ ಬಿಡುತ್ತದೆ. ಸಂಜೆ ಅಂಗಿ ಕಳಚಿದಾಗ ಸೊಂಟದ ಸುತ್ತಲಿನ ಅಂಚಿನಲ್ಲಿ, ಬೆಲ್ಟು ಕೂರುವ ಕಡೆ ಎರಡು ಬೆರಳಗಲ, ಹಳದಿಯೂ ನೀಲಿಯೂ ಬೆರೆತು ಪಾಚಿಯ ಹಸಿರು ಹತ್ತಿತ್ತು. ನಾಲ್ಕು ಸಲ ಒಗೆದ ಮೇಲೂ ಅದರ ನೆರಳು ಹೋಗಿಲ್ಲ. ಈಗ ಆ ಅಂಗಿಯನ್ನು ಹೊರಗೆ ಬಿಟ್ಟು ತೊಡುವ ಹಾಗಿಲ್ಲ, ಒಳಗೆ ಸಿಕ್ಕಿಸಿಯೇ ತೊಡಬೇಕು. ಹೊಸ ಜೀನ್ಸನ್ನು ತಿರುವಿ ಹಾಕಿ ತಣ್ಣೀರಿನಲ್ಲಿ ಮೂರು ನಾಲ್ಕು ಸಲ ಬೇರೆಯಾಗಿ ಒಗೆಯುವವರೆಗೆ ತಿಳಿ ಬಣ್ಣದ ಅಂಗಿಯ ಹತ್ತಿರ ಬಿಡಬಾರದೆಂದು ನಮ್ಮ ಬೀದಿಯ ದರ್ಜಿ ಆಮೇಲೆ ಹೇಳಿದರು. ಮೊದಲೇ ಕೇಳದಿದ್ದದ್ದು ನನ್ನ ತಪ್ಪು.

ತರಗತಿಗೆ ಜೀನ್ಸ್ ತೊಡುವ ರೂಢಿ ನಮ್ಮಲ್ಲಿಲ್ಲ. ಅಲ್ಲಿಗೆ ಬಿಸ್ಕತ್ತಿನ ಬಣ್ಣದ ಪ್ಯಾಂಟ್ ಮತ್ತು ಇಟ್ಟಿಗೆ ಬಣ್ಣದ ಅಂಗಿ, ಕಂದು ಬೆಲ್ಟು, ಕಂದು ಚಪ್ಪಲಿ. ಪ್ರಾಂಶುಪಾಲರು ಹುಬ್ಬೇರಿಸಲಿಲ್ಲ, ಅಷ್ಟು ಸಾಕು. ಅರಿಶಿನದ ಅಂಗಿಗೆ ಬಿಸ್ಕತ್ತಿನ ಪ್ಯಾಂಟ್ ಒಗ್ಗಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಮಬ್ಬು ಕವಿದಂತಾಯಿತು. ಅದಕ್ಕೆ ಕಡುಬೂದು ಪ್ಯಾಂಟ್ ಬೇಕು. ಮೆಣಸಿನಕಾಯಿ ಬಣ್ಣಕ್ಕೆ ತಿಳಿಬೂದು ಚೆನ್ನಾಗಿ ಹೊಂದಿತು, ಆದರೆ ಸೀಮೆಸುಣ್ಣದ ಪುಡಿ ತೋಳಿನ ಮೇಲೆ ಹಿಟ್ಟು ಚೆಲ್ಲಿದಂತೆ ಎದ್ದು ಕಾಣುತ್ತದೆ.

ಕಪ್ಪು ಪ್ಯಾಂಟಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಾರಟಗಿಯ ಕಡೆ ನೆಂಟರ ಮದುವೆಯೊಂದಕ್ಕೆ ಮೆಣಸಿನಕಾಯಿ ಬಣ್ಣದ ಅಂಗಿ, ಕಪ್ಪು ಪ್ಯಾಂಟ್, ಮಿಂಚುವ ಕಪ್ಪು ಬೂಟು ತೊಟ್ಟು ಹೋಗಿದ್ದೆ. ಕನ್ನಡಿಯಲ್ಲಿ ನೋಡಿಕೊಂಡಾಗ ಗಂಭೀರವಾಗಿಯೇ ಇತ್ತು. ಊಟದ ಪಂಕ್ತಿಗಳ ನಡುವೆ ಜಾಗ ಹುಡುಕುತ್ತ ಹೋಗುವಾಗ ಹಿರಿಯರೊಬ್ಬರು ಎಲೆಯ ಮುಂದಿನಿಂದ ಕೈ ಎತ್ತಿ, “ಏ ತಮ್ಮಾ, ಇತ್ತ ಇನ್ನೊಂದ್ ಹೋಳಿಗಿ ತಗೊಂಡ್ ಬಾ, ತುಪ್ಪಾನೂ ತಾ” ಎಂದರು. ತಿರುಗಿ ನೋಡಿದರೆ ಬಡಿಸುವ ಹುಡುಗರೆಲ್ಲರದೂ ಅದೇ ಕಡುಗೆಂಪು ಅಂಗಿ, ಅದೇ ಕಪ್ಪು ಪ್ಯಾಂಟ್. ಹೋಳಿಗೆ ತಂದುಕೊಟ್ಟೆ, ತುಪ್ಪವನ್ನೂ ಬಡಿಸಿದೆ. ಅವರು ನನ್ನ ಮಾವನವರ ದೊಡ್ಡಪ್ಪನ ಮಗನೆಂದು ಆಮೇಲೆ ತಿಳಿಯಿತು. ಅಂದಿನಿಂದ ಬಿಸಿ ಬಣ್ಣದ ಅಂಗಿಗೆ ಕಪ್ಪು ಪ್ಯಾಂಟನ್ನು ಪೂರ್ತಿ ಕೈಬಿಟ್ಟಿದ್ದೇನೆ.

ಮದುವೆಗೆ ಗೆದ್ದದ್ದು ಅರಿಶಿನದ ಲಿನನ್, ಅದೂ ಬಿಳಿ ಪಂಚೆಯ ಮೇಲೆ. ಪಂಚೆಯ ಕೆಂಪಂಚು ಒಂದು ಬೆರಳಗಲವಿದ್ದರೆ ಹೆಗಲಿಗೆ ಶಲ್ಯವೂ ಬೇಡ. ಅಕ್ಷತೆಯ ಹೊತ್ತಿನಲ್ಲಿ ಮುಂಗೈಗೆ ಅರಿಶಿನ ತಾಗಿದ್ದು ಕಾಣಲೇ ಇಲ್ಲ. ಆದರೆ ಮನೆಗೆ ಬಂದು ಸಾಬೂನು ಹಚ್ಚಿದ ಕೂಡಲೇ ಅಲ್ಲಿ ರಕ್ತ ಚಿಮ್ಮಿದಂತೆ ಕೆಂಪು ಕಲೆ ಎದ್ದಿತು. ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗುವುದು ಶಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸುವ ಪ್ರಯೋಗವೇ ಆದರೂ ನಮ್ಮ ಅಂಗಿಯ ಮೇಲೆ ನಡೆದಾಗ ಎದೆ ಧಸಕ್ಕೆನ್ನುತ್ತದೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲವಾದ್ದರಿಂದ ಎರಡು ದಿನದಲ್ಲಿ ಕಲೆ ಹೋಯಿತು. ಬಳ್ಳಾರಿಯ ಬಿಸಿಲಿನಿಂದ ಉಪಕಾರವಾದ ಅಪರೂಪದ ಸಂದರ್ಭವದು.

ಒಂದು ಎಚ್ಚರಿಕೆ ಮಾತ್ರ ಇದೆ. ರಾತ್ರಿಯ ಆರತಕ್ಷತೆಗೆ ಅರಿಶಿನದ ಬಣ್ಣವನ್ನು ನಂಬಬಾರದು. ಈಗಿನ ಮದುವೆ ಮಂಟಪಗಳಲ್ಲಿ ಉರಿಯುವ ಬೆಳ್ಳನೆಯ ಎಲ್‌ಇಡಿ ದೀಪಗಳ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು. ಅದರ ಕೆಳಗೆ ಈ ಹಳದಿ ಹಸಿರಿಗೆ ವಾಲಿ, ಫೋಟೊದಲ್ಲಿ ನಾನು ಕಾಮಾಲೆಯಿಂದ ಎದ್ದು ಬಂದವನಂತೆ ಕಂಡೆ. ಅದೇ ದೀಪದಡಿ ಇಟ್ಟಿಗೆ ಬಣ್ಣ ತುಸು ಕಂದಾಯಿತೇ ಹೊರತು ಮುಖಕ್ಕೇನೂ ಮಾಡಲಿಲ್ಲ. ಹಗಲು ಲಗ್ನಕ್ಕೆ ಅರಿಶಿನ, ರಾತ್ರಿಗೆ ಇಟ್ಟಿಗೆ ಎಂದು ಈಗ ಹಂಚಿಕೊಂಡಿದ್ದೇನೆ. ನವೆಂಬರ್ 1ರಂದು ಮಾತ್ರ ಅರಿಶಿನದ ಅಂಗಿಗೆ ಪೈಪೋಟಿಯೇ ಇಲ್ಲ. ಹಳದಿ ಅಂಗಿಯ ಮೇಲೆ ಕೆಂಪು ಶಲ್ಯ ಹಾಕಿಕೊಂಡು ಧ್ವಜದ ಪಕ್ಕ ನಿಂತರೆ ಬೇರೆ ಅಲಂಕಾರ ಬೇಕಿಲ್ಲ.

ಮಳೆಗಾಲದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ನಮಗೆ ಮಳೆಯೇ ಕಡಿಮೆ. ಸೆಪ್ಟೆಂಬರಿನಲ್ಲಿ ರಾಯಚೂರಿನ ಕಡೆ ಎರೆಮಣ್ಣಿನ ಹಾದಿಯಲ್ಲಿ ನಡೆದರೆ ಕೆಸರು ಹತ್ತುವುದು ಪ್ಯಾಂಟಿಗೆ. ಅಂಗಿಗೆ ಬೇಕಾದದ್ದು ಬೇಗ ಒಣಗುವ ಗುಣ. ಅಲ್ಲಿ ಮೆಣಸಿನಕಾಯಿ ಬಣ್ಣದ ಮಿಶ್ರ ಬಟ್ಟೆ ಮೊದಲ ಬಾರಿಗೆ ಮುಂದೆ ಬಂತು.

ಅದರ ನಿಜವಾದ ಕಾಲ ಜನವರಿ. ಕೊಪ್ಪಳದ ಗವಿಮಠದ ಜಾತ್ರೆಗೆ ಸಂಜೆ ತೇರು ಎಳೆಯುವ ಹೊತ್ತಿಗೆ ಹೋಗಿ ರಾತ್ರಿ ತಡವಾಗಿ ಮರಳುವವರಿಗೆ ಗಾಳಿಯಲ್ಲಿ ಚಳಿ ಇರುತ್ತದೆ. ಬೇಸಿಗೆಯಲ್ಲಿ ಶತ್ರುವಾಗಿದ್ದ ಆ ಬಟ್ಟೆ ಅಲ್ಲಿ ಬೆಚ್ಚಗೆ ಕೂತಿತು. ಮೇಲೆ ಬೂದು ಬಣ್ಣದ ತೋಳಿಲ್ಲದ ಸ್ವೆಟರ್, ಕೆಳಗೆ ಹಳೆಯ ಜೀನ್ಸ್. ತೇರಿಗೆ ಎಸೆದ ಬಾಳೆಹಣ್ಣೊಂದು ಗುರಿ ತಪ್ಪಿ ನನ್ನ ಭುಜಕ್ಕೆ ಬಿತ್ತು. ಬಾಳೆಯ ಕಲೆ ಒಣಗಿದರೆ ಕಪ್ಪಾಗಿ ಕೂರುತ್ತದೆ, ಲಿನನ್ ಆಗಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯುತ್ತಿತ್ತು. ಕಡುಗೆಂಪಿನ ಮೇಲೆ ಹುಡುಕಿದರೂ ಸಿಗಲಿಲ್ಲ.

ವರ್ಷದ ಕೊನೆಗೆ ಮೂರನ್ನೂ ಮಂಚದ ಮೇಲೆ ಹರಡಿ ನೋಡಿದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು, ಬಿಸಿಲು ಮತ್ತು ಸಾಬೂನು ಮೂರರ ಮೇಲೂ ಕೆಲಸ ಮಾಡಿದ್ದವು. ಮೆಣಸಿನಕಾಯಿ ಬಣ್ಣ ಕೊಂಡ ದಿನದಂತೆಯೇ ಇದೆ, ಕಾಲರಿನಲ್ಲಿ ಸಣ್ಣ ಗುಂಜು ಎದ್ದಿರುವುದನ್ನು ಬಿಟ್ಟರೆ. ಅರಿಶಿನದ್ದು ಭುಜದಲ್ಲಿ ಮಾಸಿದೆ, ಜೇಬಿನ ಕೆಳಗೆ ಹಾಗೇ ಉಳಿದಿದೆ. ಅಲ್ಲದೆ ಹಸಿಯಿರುವಾಗಲೇ ಇಸ್ತ್ರಿ ಮಾಡದಿದ್ದರೆ ಅದರ ಸುಕ್ಕು ಹೋಗುವುದಿಲ್ಲ, ಮಾಡಿದರೂ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ಮೊದಲಿನಂತೆಯೇ. ಇಟ್ಟಿಗೆಯದು ಒಂದೇ ಸಮನೆ ತಿಳಿಯಾಗಿ ಹಳೆಯ ಮನೆಯ ಹೆಂಚಿನ ಬಣ್ಣಕ್ಕೆ ತಿರುಗಿದೆ, ನನಗೆ ಈಗಿನ ಬಣ್ಣವೇ ಹೆಚ್ಚು ಇಷ್ಟ. ನನ್ನಂಥ ಎಣ್ಣೆಗೆಂಪು ಮೈಬಣ್ಣದವರು ಒಂದನ್ನೇ ಕೊಳ್ಳುವುದಾದರೆ ಅದನ್ನೇ ಕೊಳ್ಳಲಿ. ಎರಡನೆಯದಕ್ಕೆ ಹಣವಿದ್ದರೆ ಅರಿಶಿನ. ಮೂರನೆಯದನ್ನು ಬೇಸಿಗೆಯೇ ಇಲ್ಲದ ಊರಿನವರು ಕೊಳ್ಳಬಹುದು.

ಈ ಸಲ ಇಟ್ಟಿಗೆ ಬಣ್ಣದಲ್ಲೇ ಲಿನನ್ ಹುಡುಕಿ, 58 ಇಂಚು ಅಗಲದ ಬಟ್ಟೆ 1.6 ಮೀಟರ್ ಕತ್ತರಿಸಿಕೊಂಡು ದರ್ಜಿಯ ಹತ್ತಿರ ಕೊಟ್ಟಿದ್ದೇನೆ. ಬೆವರು ಕಾಣದ ಬಣ್ಣ, ಬೆವರು ಹೀರುವ ಬಟ್ಟೆ. ಅವರು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು, “ಕಳೆದ ಸಲದ ಅಳತಿನೇ ಇಡ್ಲೇನ್ರಿ ಸಾರ್?” ಎಂದರು. ಎದೆಗೆ ಒಂದಿಂಚು ಸಡಿಲ ಬಿಡಿ, ಗಾಳಿ ಆಡಲಿ ಎಂದು ಹೇಳಿ ಬಂದಿದ್ದೇನೆ.