ಚಳಿಗಾಲದ ಸೈಕಲ್ ಪ್ರವಾಸಕ್ಕೆ ವಾರ್ಮ್‌ಶವರ್ಸ್: ಕೆಲವು ವರ್ಷ ಬಳಸಿದ ಮೇಲೆ

ನಾನು ಮ್ಯೂನಿಕ್‌ನಲ್ಲಿದ್ದೇನೆ. ಡಿಸೆಂಬರ್ ರಜೆ ಸಿಕ್ಕಿದಾಗಲೆಲ್ಲ ಡ್ಯಾನ್ಯೂಬ್ ನದಿಯ ಪಕ್ಕದ ಸೈಕಲ್ ದಾರಿ ಹಿಡಿಯುತ್ತೇನೆ. ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೆಚ್ಚುಕಡಿಮೆ 320 ಕಿ.ಮೀ. ರಾತ್ರಿ ತಂಗೋದು ವಾರ್ಮ್‌ಶವರ್ಸ್‌ನಲ್ಲಿ ಸಿಕ್ಕವರ ಮನೆಗಳಲ್ಲಿ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಸೈಕಲ್ ಪ್ರವಾಸಿಗಳಿಗಾಗಿ ಸೈಕಲ್ ಪ್ರವಾಸಿಗಳೇ ನಡೆಸುವ ಆತಿಥ್ಯದ ಜಾಲ. 1993ರಿಂದ ಇದೆ. ಹೊಸಬರು ಸೇರುವಾಗ ಶುಲ್ಕ ಕಟ್ಟಬೇಕು. ಆದರೆ ಉಳಿದುಕೊಳ್ಳುವ ಮನೆಯಲ್ಲಿ ದುಡ್ಡು ಕೊಡುವಂತಿಲ್ಲ, ಅವರು ಕೇಳುವಂತೆಯೂ ಇಲ್ಲ.

ಬೇಸಿಗೆಯಲ್ಲಿ ಇದು ಖರ್ಚು ಉಳಿಸುವ ದಾರಿ ಅಷ್ಟೇ. ಚಳಿಗಾಲದಲ್ಲಿ ಲೆಕ್ಕವೇ ಬೇರೆ. ನದಿ ಪಕ್ಕದ ಕ್ಯಾಂಪಿಂಗ್ ಜಾಗಗಳು ಮುಚ್ಚಿರುತ್ತವೆ, ಹಳ್ಳಿಗಳ ಎಷ್ಟೋ ವಸತಿಗೃಹಗಳೂ ಅಷ್ಟೇ. ಸಂಜೆ ನಾಲ್ಕು ದಾಟಿದರೆ ಕತ್ತಲು. ಹಾಸಿಗೆಗಿಂತ ಜಾಸ್ತಿ ಬೇಕಾಗೋದು ಒದ್ದೆ ಬಟ್ಟೆ ಒಣಗಿಸೋಕೆ ಬಿಸಿ ಇರುವ ಒಂದು ಜಾಗ, ಮತ್ತೆ ನಾಳೆಯ ದಾರಿ ಹೇಗಿದೆ ಅಂತ ಹೇಳೋ ಒಬ್ಬರು. ಈ ಎರಡನೆಯದು ಯಾವ ಆ್ಯಪ್‌ನಲ್ಲೂ ಸಿಗಲ್ಲ.

ಒಂದು ಉದಾಹರಣೆ. ದಾರಿಯಲ್ಲಿ ಸಿಗುವ ಶ್ಲೋಗೆನ್ ಊರಿನ ಹತ್ತಿರ ನದಿ ಹೆಚ್ಚುಕಡಿಮೆ ಹಿಂದಕ್ಕೇ ತಿರುಗುತ್ತದೆ. ಅಲ್ಲಿ ಎಡದಂಡೆಯ ದಾರಿ ನಡುವೆ ತುಂಡಾಗುತ್ತದೆ, ಬೇಸಿಗೆಯಲ್ಲಾದರೆ ದೋಣಿ ಇರುತ್ತೆ. ಚಳಿಗಾಲದಲ್ಲಿ ದೋಣಿ ಇಲ್ಲ, ಹಾಗಾಗಿ ಬಲದಂಡೆಯೇ ಗತಿ. ಆದರೆ ಬಲದಂಡೆ ಬೆಟ್ಟದ ನೆರಳಿನಲ್ಲಿದೆ. ಮಧ್ಯಾಹ್ನವಾದರೂ ಅಲ್ಲಿನ ಮಂಜುಗಡ್ಡೆ ಕರಗಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಪಾಸೌದಲ್ಲಿ ಉಳಿಸಿಕೊಂಡ ದಂಪತಿ. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಎಲ್ಲಿ ಇಳಿದು ತಳ್ಳಬೇಕು ಅನ್ನೋದನ್ನೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಟ್ಟರು. ಅವರು ಹೇಳಿದ ಕಡೆ ಹೇಳಿದ ಹಾಗೇ ಗಾಜಿನಂಥ ಮಂಜುಗಡ್ಡೆ ಇತ್ತು.

ಇಂಥ ಮನೆಗಳಿಗೆ ಹೋಗುವಾಗ ಸೈಕಲ್ ಕೊಳಕಾಗಿರುತ್ತೆ. ರಸ್ತೆಗೆ ಹಾಕಿದ ಉಪ್ಪು ಚೈನಿಗೆ ಅಂಟಿ, ಬೆಳಗಾಗೋದರೊಳಗೆ ತುಕ್ಕು ಹಿಡಿಯುತ್ತೆ. ಒಳಗೆ ಹೋಗುವ ಮೊದಲೇ ಚೈನ್ ಒರೆಸಿ ಎಣ್ಣೆ ಹಾಕಿಬಿಡಿ. ಸೈಕಲ್ಲನ್ನು ನೆಲಮಾಳಿಗೆಯಲ್ಲಿ ಇಡಲು ಹೇಳುತ್ತಾರೆ. ಶೂ ಬಾಗಿಲಲ್ಲೇ ಬಿಚ್ಚಬೇಕು, ನಮ್ಮ ಮನೆಗಳ ಹಾಗೇ. ಒದ್ದೆ ಶೂ ಒಳಗೆ ಹಳೇ ಪೇಪರ್ ಮುದ್ದೆ ಮಾಡಿ ತುರುಕಿ, ಮಲಗುವ ಮುಂಚೆ ಒಮ್ಮೆ ಬದಲಾಯಿಸಿದರೆ ಬೆಳಗ್ಗೆ ಕಾಲಿಗೆ ಹಾಕೋ ಹಾಗಿರುತ್ತೆ. ಇದನ್ನು ಕಲಿಸಿದ್ದು ಲಿಂಜ್‌ನ ಒಬ್ಬ ಅಜ್ಜಿ. ಅವರು ಪೇಪರ್ ಕಟ್ಟನ್ನು ಬಾಗಿಲ ಹತ್ತಿರವೇ ಇಟ್ಟಿದ್ದರು.

ದುಡ್ಡು ಕೊಡೋ ಹಾಗಿಲ್ಲವಲ್ಲ, ನಾನು ಅಡುಗೆ ಮಾಡ್ತೀನಿ. ಸಾಸಿವೆ, ಇಂಗು, ಒಣ ಕರಿಬೇವು ಒಂದು ಪುಟ್ಟ ಡಬ್ಬಿಯಲ್ಲಿ ಬ್ಯಾಗಿನಲ್ಲಿರುತ್ತೆ. ಆಸ್ಟ್ರಿಯಾದ ಯಾವ ಅಂಗಡಿಯಲ್ಲೂ ರವೆ ಸಿಗುತ್ತೆ, ಜರ್ಮನ್‌ನಲ್ಲಿ ಗ್ರೀಸ್ (Grieß) ಅಂತ ಕೇಳಿ. ಗಟ್ಟಿ ಗೋಧಿಯದ್ದನ್ನೇ ತಗೊಳ್ಳಿ, ಮೆತ್ತನೆಯದು ಉಪ್ಪಿಟ್ಟಿಗೆ ಅಂಟಂಟಾಗುತ್ತೆ. ಅವರು ರವೆಯನ್ನು ಸಿಹಿ ಗಂಜಿ ಮಾಡಿ ತಿನ್ನೋರು. ಒಗ್ಗರಣೆ ಸಿಡಿಯೋ ಸದ್ದಿಗೆ ಮನೆಮಂದಿಯೆಲ್ಲ ಅಡುಗೆಮನೆಗೆ ಬಂದು ನಿಲ್ಲುತ್ತಾರೆ. ಸಸ್ಯಾಹಾರಿ ಅಂತ ಮೊದಲ ಮೆಸೇಜ್‌ನಲ್ಲೇ ಬರೆದುಬಿಡಿ, ಕುಂಬಳಕಾಯಿ ಸೂಪ್ ಕಾದಿರುತ್ತೆ.

ಕೊರತೆ ಇಲ್ಲವೇ ಅಂದರೆ, ಇದೆ. ದೊಡ್ಡ ಊರುಗಳಲ್ಲಿ ಸದಸ್ಯರು ಜಾಸ್ತಿ, ನಡುವಿನ ಹಳ್ಳಿಗಳಲ್ಲಿ ಕಡಿಮೆ. ಚಳಿಯಲ್ಲಿ ದಿನಕ್ಕೆ 50–60 ಕಿ.ಮೀ. ಮೇಲೆ ನಾನು ಲೆಕ್ಕ ಹಾಕೋದಿಲ್ಲ, ಹಾಗಾಗಿ ಮನೆಯಿಂದ ಮನೆಗೆ ದೂರ ಹೊಂದಿಸೋದೇ ದೊಡ್ಡ ಕೆಲಸ. ಪ್ರೊಫೈಲ್‌ನಲ್ಲಿ ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ಇರುತ್ತೆ, ಅದನ್ನು ಓದಿ. ಮುಂಚೆ ಅಲ್ಲಿ ತಂಗಿದವರು ಬರೆದ ಅನಿಸಿಕೆಗಳನ್ನೂ ತಪ್ಪದೆ ಓದಿ, ಒಬ್ಬರೇ ಹೋಗುವ ಹೆಣ್ಣುಮಕ್ಕಳಂತೂ ಎಲ್ಲವನ್ನೂ ಓದಬೇಕು. ಎಲ್ಲರಿಗೂ ಕಳಿಸುವ ಒಂದೇ ಥರದ ಮೆಸೇಜ್ ಬೇಡ. ನೀವು ಯಾರು, ಎಲ್ಲಿಂದ ಬರ್ತಿದ್ದೀರಿ, ಎಷ್ಟು ಗಂಟೆಗೆ ತಲುಪ್ತೀರಿ ಅಂತ ಬರೆಯಿರಿ.

ಬಂದು ಮಲಗಿ ಎದ್ದು ಹೋಗೋಣ ಅನ್ನುವವರಿಗೆ ಇದು ಆಗಿಬರಲ್ಲ, ಹೋಟೆಲೇ ಸರಿ. ಉಳಿದವರು ಧೈರ್ಯವಾಗಿ ಸೇರಿ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ. ದಾರಿಯಲ್ಲಿ ಮಂಜುಗಡ್ಡೆ ಜಾಸ್ತಿಯಾದರೆ ಲಿಂಜ್ ಅಥವಾ ಮೆಲ್ಕ್‌ನಲ್ಲಿ ಸೈಕಲ್ ಸಮೇತ ರೈಲು ಹತ್ತಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಹೊತ್ತು ಬದಲಾದರೆ ಮನೆಯವರಿಗೆ ತಕ್ಷಣ ತಿಳಿಸಿ, ಅವರು ಅಷ್ಟೊತ್ತಿಗೆ ಅಡುಗೆ ಶುರು ಮಾಡಿರುತ್ತಾರೆ.