ಕುಸ್ತಿಯಿಂದ ಎಂಎಂಎಗೆ: ಕೋರ್ಮಿಯೆ ನೋಡಿ ಕಲಿಯೋದಾ, ಆಸ್ಕ್ರೆನ್ ನೋಡಿ ಕಲಿಯೋದಾ?

ಕುಸ್ತಿ ಆಡ್ತಿದ್ದೀರಾ, ಎಂಎಂಎ (ಹೊಡೆತ, ಒದೆತ, ಕುಸ್ತಿ ಎಲ್ಲಾ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ಕಡೆ ಮನಸ್ಸಿದೆ, ಯಾರ ಫೈಟ್ಸ್ ನೋಡ್ಬೇಕು ಅಂದ್ರೆ ನನ್ ವೋಟು ಡ್ಯಾನಿಯಲ್ ಕೋರ್ಮಿಯೆಗೆ. ಕಾಲೇಜ್ ಕುಸ್ತಿ ಮಾತ್ರ ಲೆಕ್ಕಕ್ಕೆ ತಗೊಂಡ್ರೆ ಬೆನ್ ಆಸ್ಕ್ರೆನ್ನೇ ಮೇಲು ಬಿಡಿ, ಮಿಸೌರಿ ಯೂನಿವರ್ಸಿಟಿಯಿಂದ 2006, 2007 ಎರಡೂ ವರ್ಷ ಎನ್‌ಸಿಎಎ (ಅಮೆರಿಕದ ಕಾಲೇಜ್ ಮಟ್ಟದ ಟೂರ್ನಿ) ಚಾಂಪಿಯನ್. ಒಕ್ಲಹೋಮ ಸ್ಟೇಟ್‌ನ ಕೋರ್ಮಿಯೆ 2001ರ ಅದೇ ಟೂರ್ನಿ ಫೈನಲ್‌ನಲ್ಲಿ ಕೇಲ್ ಸ್ಯಾಂಡರ್ಸನ್‌ಗೆ ಸೋತಿದ್ದ.

ಆಸ್ಕ್ರೆನ್ ಒಂದ್ಸಲ ಮೈಗೆ ಅಂಟ್ಕೊಂಡ್ರೆ ಉಡದ ಪಟ್ಟು, ಬೆಲ್ಲಾಟರ್, ವನ್ ಅನ್ನೋ ಎರಡು ಎಂಎಂಎ ಸಂಸ್ಥೆಗಳಲ್ಲೂ ಬೆಲ್ಟ್ (ಚಾಂಪಿಯನ್ ಪಟ್ಟ) ಹೊಡ್ದ, ಆದ್ರೆ ನಿಂತು ಹೊಡೆದಾಡೋದು ಕೊನೇವರೆಗೂ ಸುಮಾರೇ, 2019ರ ಜುಲೈನಲ್ಲಿ ಕಾಲು ಹಿಡಿಯೋಕೆ ಅಂತ ತಲೆ ಬಗ್ಗಿಸ್ದ, ಎದುರಾಳಿ ಮಸ್ವಿಡಾಲ್ ಓಡ್ಬಂದು ಹಾರಿ ಮೊಣಕಾಲಲ್ಲಿ ಕೊಟ್ಟ, 5 ಸೆಕೆಂಡಲ್ಲಿ ಖಲಾಸ್. ಪಾಪ ಅನ್ಸುತ್ತೆ.

ಕೋರ್ಮಿಯೆ ಬಾಕ್ಸಿಂಗೂ ಸರಿಯಾಗಿ ಕಲ್ತ. 2018ರಲ್ಲಿ ಸ್ಟೀಪೆ ಮಿಯೋಚಿಚ್ ಜೊತೆಗಿನ ಫೈಟಲ್ಲಿ ಕ್ಲಿಂಚ್ (ನಿಂತಲ್ಲೇ ಒಬ್ಬರನ್ನೊಬ್ಬರು ಹಿಡ್ಕೊಳ್ಳೋದು) ಬಿಡಿಸ್ಕೊಳ್ತಾನೇ ಬಲಗೈ ಬಿಟ್ಟಿದ್ದು ನಿಧಾನಕ್ಕೆ ಓಡಿಸಿ ನೋಡಿ, ಮೊದಲನೇ ರೌಂಡಲ್ಲೇ ನಾಕೌಟ್, ಒಂದೇ ಟೈಮಲ್ಲಿ ಎರಡು ತೂಕದ ವಿಭಾಗದಲ್ಲಿ ಯುಎಫ್‌ಸಿ (ಎಂಎಂಎಯ ದೊಡ್ಡ ಸಂಸ್ಥೆ) ಬೆಲ್ಟ್.

ಒಂದನ್ನ ಮಾತ್ರ ಅವನಿಂದ ಕಲೀಬೇಡಿ, ತೂಕ ಇಳಿಸೋದು. 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಅದರಿಂದಾನೇ ಕಿಡ್ನಿ ಕೈಕೊಟ್ಟು ಅಖಾಡಕ್ಕೇ ಇಳಿಲಿಲ್ಲ.